ಅಪ್ಪಣೆಗೆ ಕಾದ ವೀಣೆ

ವಿದ್ವಾಂಸರ ಎಡಗೈಯ ಎರಡು ಬೆರಳ ತುದಿಯಲ್ಲಿ ಕಪ್ಪಗೆ ಗೀರು ಬಿದ್ದಿತ್ತು. ವೀಣೆಯ ತಂತಿ ಐವತ್ತು ವರ್ಷ ಉಜ್ಜಿ ಕೊರೆದ ಗೀರು. ಪೂಜೆಗೆಂದು ನಾನು ಕೊಡುತ್ತಿದ್ದ ಕನಕಾಂಬರವನ್ನು ಅವರು ಬೊಗಸೆಯಲ್ಲಿ ತೆಗೆದುಕೊಳ್ಳುವಾಗ ನನ್ನ ಕಣ್ಣು ಹೋಗುತ್ತಿದ್ದುದು ಅಲ್ಲಿಗೇ.

ನಾನು ತಿ. ನರಸೀಪುರದ ಕಡೆಯ ಒಕ್ಕಲು ಮನೆಯವಳು. ಮದುವೆಯಾಗಿ ನಜರ್‌ಬಾದಿನ ವಠಾರಕ್ಕೆ ಬಂದಾಗ ಇಪ್ಪತ್ತು ವರ್ಷ. ಯಜಮಾನರು ಬೆಳಗ್ಗೆ ಪ್ರೆಸ್ಸಿಗೆ ಹೋದರೆ ದೀಪ ಹಚ್ಚಿದ ಮೇಲೇ ಬರುತ್ತಿದ್ದರು. ಅಷ್ಟು ಹೊತ್ತೂ ಗೋಡೆ ನೋಡುತ್ತ ಕೂತಿರಬೇಕು. ಪಕ್ಕದ ಮನೆಯಲ್ಲಿ ಇದ್ದವರೇ ಅರಮನೆಯ ಈ ವಿದ್ವಾಂಸರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಸಂಸ್ಥಾನ ಹೋದ ಮೇಲೆ ಅರಮನೆಯ ಕರೆಯೂ ಅಪರೂಪವಾಗಿ, ಕೊನೆಗೆ ನಿಂತೇ ಹೋಗಿತ್ತು.

ದಿನಾ ಸಂಜೆ ಅವರು ವೀಣೆಗೆ ಶ್ರುತಿ ಮಾಡುವುದು ಕೇಳಿಸುತ್ತಿತ್ತು. ಅರ್ಧ ಗಂಟೆ ಬಿರಡೆ ತಿರುಗಿಸಿ ತಂತಿ ಮೀಟುತ್ತಿದ್ದರು. ಇನ್ನೇನು ನುಡಿಸುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅಷ್ಟಕ್ಕೇ ನಿಂತುಹೋಗುತ್ತಿತ್ತು. ಎಸರು ಕುದಿಸಿ ಅಕ್ಕಿ ಹಾಕದೆ ಎದ್ದುಹೋದ ಹಾಗೆ! ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ಯಾಕ್ ತಾತ, ಬರೀ ತಿರುವಿ ತಿರುವಿ ಮಡಗ್ಬುಡ್ತೀರಿ?"

"ಕೈ ಮರೀಬಾರ್ದಲ್ಲ ಕಣಮ್ಮ," ಅಂದರು. ಅದು ಉತ್ತರವಲ್ಲವೆಂದು ನನಗೂ ಗೊತ್ತಾಯಿತು.

ಒಂದು ಬೇಸಿಗೆಯಲ್ಲಿ ರೇಡಿಯೋದವರಿಂದ, ಬಂದು ವೀಣೆ ನುಡಿಸಬೇಕೆಂದು ಕಾಗದ ಬಂತು. ಮೊದಲೇ ಒಂದು ಸಲ ಕರೆಸಿ, ನುಡಿಸಿ ಕೇಳಿ ಒಪ್ಪಿದ್ದರಂತೆ. ವಿದ್ವಾಂಸರು ಆ ಕಾಗದವನ್ನು ನನಗೆ ಮೂರು ಸಲ ಓದಿಸಿದರು. "ಊರೆಲ್ಲ ಕೇಳ್ತಾರೆ ಕಣಮ್ಮ" ಅಂದರು. ನುಡಿಸುವ ದಿನ ದರ್ಬಾರಿನ ಉದ್ದ ಕೋಟು ತೊಟ್ಟು, ಜರಿ ಪೇಟ ಇಟ್ಟು, ಜಟಕಾ ಹತ್ತಿದರು. ರೇಡಿಯೋದಲ್ಲಿ ಪೇಟ ಕಾಣುತ್ತದೆಯೇ ಎಂದು ನಾನು ಒಳಗೊಳಗೇ ನಕ್ಕೆ.

ಮಾಲೀಕರ ಮನೆಯ ರೇಡಿಯೋ ಮುಂದೆ ವಠಾರವೇ ಕೂತಿತ್ತು. "ಈಗ ವೀಣಾವಾದನ" ಎಂದರು. ಆಮೇಲೆ ಸದ್ದೇ ಇಲ್ಲ. ಮಾಲೀಕರು ಪೆಟ್ಟಿಗೆಯ ತಲೆಗೆ ಎರಡು ಏಟು ಕೊಟ್ಟರು. ಸ್ವಲ್ಪ ಹೊತ್ತಾದ ಮೇಲೆ ಬೇರೆ ಯಾರದೋ ಹಾಡಿನ ಗ್ರಾಮಫೋನು ಪ್ಲೇಟು ಬಂತು.

ಸಂಜೆ ಜಟಕಾದಿಂದ ಇಳಿದವರು ನಮ್ಮ ಜಗಲಿಯ ಮೇಲೇ ಕುಸಿದು ಕೂತರು.

"ಯಾರೂ ಅಪ್ಪಣೆ ಕೊಡ್ಲಿಲ್ಲ ಕಣಮ್ಮ."

ದರ್ಬಾರಿನಲ್ಲಿ ವೀಣೆ ಹಿಡಿದವರು ತಲೆ ತಗ್ಗಿಸಿ ಕೂತು, "ಅಪ್ಪಣೆಯಾಗಿದೆ" ಎಂಬ ಮಾತು ಕಿವಿಗೆ ಬಿದ್ದ ಮೇಲೇ ತಂತಿ ಮುಟ್ಟಬೇಕಂತೆ. ಹಿಂದಿನ ಸಲ ರೇಡಿಯೋದವರು ಎದುರಿಗೇ ಕೂತು "ಶುರು ಮಾಡಿ ಸ್ವಾಮಿ" ಅಂದಿದ್ದರು. ಈ ಸಲ ಕೆಂಪು ದೀಪ ಹತ್ತಿತು, ಗಾಜಿನಾಚೆಯಿಂದ ಶುರು ಮಾಡಿ ಎಂದು ಕೈ ಬೀಸಿದರು. ಇವರು ತಲೆ ಎತ್ತಿದ್ದರೆ ತಾನೇ!

ನನಗೆ ರೇಗಿಹೋಯಿತು. "ನೀವೇ ಶುರು ಮಾಡ್ಬುಡೋದಲ್ವಾ ತಾತ?"

"ಕೇಳೋರು ಹೂಂ ಅನ್ನದೆ ಹೆಂಗಮ್ಮ ನುಡಿಸೋದು? ಮನೇಲಿ ನಮ್ಮವಳಿದ್ದಾಗ ಅವಳಾದ್ರೂ ಅಂತಿದ್ಲು."

ಸಂಜೆಯ ಶ್ರುತಿ ಯಾಕೆ ಅಲ್ಲಿಗೇ ನಿಲ್ಲುತ್ತಿತ್ತೆಂದು ಆಗ ತಿಳಿಯಿತು. ಅವರನ್ನು ಎಬ್ಬಿಸಿ ಅವರ ಮನೆಗೆ ಕರೆದುಕೊಂಡು ಹೋದೆ. ಅವರ ಹೊಸಲಿನ ಹತ್ತಿರ ಕೂತು, "ನುಡ್ಸಿ ತಾತ, ನಾನ್ ಕೇಳ್ತೀನಿ" ಅಂದೆ. ಅವರು ಪೇಟ ಸರಿಮಾಡಿಕೊಂಡು, ನನಗೆ, ರಾಗಿ ಬೀಸಿದ ಕೈಯವಳಿಗೆ, ತಲೆ ಬಾಗಿ ಶುರುಮಾಡಿದರು.

ರೇಡಿಯೋದವರು ಮತ್ತೆ ಕರೆಯಲಿಲ್ಲ. ಎರಡು ವರ್ಷ ದಿನಾ ಸಂಜೆ ನಾನು "ನುಡ್ಸಿ ತಾತ" ಅನ್ನುತ್ತಿದ್ದೆ, ಅವರು ನುಡಿಸುತ್ತಿದ್ದರು. ರಾಗದ ಹೆಸರು ಒಂದೂ ನನ್ನ ತಲೆಗೆ ಹತ್ತಲಿಲ್ಲ. ಆದರೆ ಈ ಊರಿನಲ್ಲಿ ನಾನು ಒಬ್ಬಳೇ ಅನ್ನಿಸುವುದು ನಿಂತಿತು.

ಬಸುರಿಯಾಗಿ ತವರಿಗೆ ಹೊರಟಾಗ ಬಾಗಿಲವರೆಗೆ ಬಂದು, "ಹುಷಾರು ಕಣಮ್ಮ" ಅಂದರು. ಐದು ತಿಂಗಳ ಕೂಸಿನೊಡನೆ ಹಿಂದಿರುಗಿದಾಗ ಅವರ ಬಾಗಿಲಿಗೆ ಬೀಗ ಬಿದ್ದಿತ್ತು. ತೀರಿಕೊಂಡು ತಿಂಗಳಾಗಿತ್ತು.

ಮಾಲೀಕರ ಮನೆಯಮ್ಮ ಹೇಳಿದರು: "ದಿನಾ ಸಂಜೆ ಶ್ರುತಿ ಮಾಡ್ಕೊಂಡು ನಿಮ್ಮ ಬಾಗಿಲ ಕಡೆ ತಿರುಗಿ ಕೂತಿರೋರು. ಒಂದು ದಿನಾನೂ ನುಡಿಸ್ಲಿಲ್ಲ ಕಣಮ್ಮ."

ತವರಿಗೆ ಹೊರಟು ಗಾಡಿ ಹತ್ತುವಾಗ ಸೀರೆಯ ಗಂಟು, ಹೂವಿನ ಗಿಡಕ್ಕೆ ನೀರು ಹಾಕುವವರು ಯಾರು, ಎಲ್ಲ ನೆನಪಿತ್ತು. "ನಾನಿಲ್ದಿದ್ರೂ ನುಡ್ಸಿ ತಾತ" ಎಂದು ಹೇಳಿಹೋಗುವುದು ಮಾತ್ರ ನೆನಪಾಗಲಿಲ್ಲ.