ಅಟ್ಟದ ಮೇಲಿನ ನಾಲ್ಕು ಬ್ಯಾಂಡಿನ ರೇಡಿಯೋ

ಅಮ್ಮ ಸತ್ತ ದಿನ ಮನೆಯಲ್ಲಿ ರೇಡಿಯೋ ಮಾತಾಡುತ್ತಿತ್ತೋ ಇಲ್ಲವೋ, ಆಣೆಯಿಟ್ಟು ಹೇಳಲಾರೆ. ಹಳೆಯ ಸೆಟ್ಟಿನ ಚರ್ಮದ ಕವರು ಬಿಸಿಲಿಗೆ ಕಾದ ವಾಸನೆ ಮೂಗಿಗೆ ಬಡಿದರೆ ಸಾಕು, ಗುಬ್ಬಿ ಊರಿನ ನಮ್ಮ ಹಳೇ ನಡುಮನೆ, ಅಮ್ಮನ ಮಂಚ, ಪಕ್ಕದ ಸ್ಟೂಲಿನ ಮೇಲೆ ಯಾವುದೋ ದೇಶದ ಭಾಷೆಯಲ್ಲಿ ಮಾತಾಡುತ್ತಲೇ ಇದ್ದ ರೇಡಿಯೋ, ಎಲ್ಲ ಒಟ್ಟಿಗೆ ಎದ್ದು ಬರುತ್ತವೆ. ಆದರೆ ನೆನೆದಷ್ಟು ಸಲವೂ ಅದನ್ನು ನಾನೇ ತಿದ್ದಿರಬಹುದು. ಯೂನಿವರ್ಸಿಟಿಯಲ್ಲಿ ಓದಿ ಕಲಿತದ್ದು ಇದೊಂದೇ, ನನ್ನ ತಲೆಯನ್ನೂ ನಂಬದಿರುವುದು.

ಅಪ್ಪನಿಗೆ ದೂರದೇಶದ ಸ್ಟೇಷನ್ನು ಹಿಡಿಯುವ ಶಾರ್ಟ್‌ವೇವ್ ರೇಡಿಯೋ ಹುಚ್ಚು. ತೆಂಗಿನಕಾಯಿ ಮಾರಲು ತುಮಕೂರಿಗೆ ಹೋದವರು ಗುಜರಿ ಅಂಗಡಿಯಿಂದ ಮೂರು ಬ್ಯಾಂಡು, ನಾಲ್ಕು ಬ್ಯಾಂಡಿನ ಸೆಟ್ಟುಗಳನ್ನು ಚೀಲದಲ್ಲಿ ತರುತ್ತಿದ್ದರು. "ಇನ್ನೊಬ್ಳು ಸವತೀನ ಕರ್ಕೊಂಬಂದ್ರಾ?" ಎಂದು ಅಮ್ಮ ಕೆಣಕುತ್ತಿದ್ದಳು. ಅಪ್ಪ ಪೂಜೆ ಮುಗಿಸಿದ ಕೈಯಲ್ಲೇ ತಿರುಗಿಸುತ್ತಿದ್ದುದರಿಂದ ಗುಂಡಿಗಳ ಗೀರುಗಳಲ್ಲೆಲ್ಲ ವಿಭೂತಿ ಕೂತಿರುತ್ತಿತ್ತು. ಕೇಳಿ ಆದಮೇಲೆ ಬ್ಯಾಟರಿ ಶೆಲ್ಲು ಬಿಚ್ಚಿ ಹೆಂಚಿನ ಮೇಲೆ ಬಿಸಿಲಿಗಿಡುವುದು ಅವರ ವ್ರತ. ಬಿಸಿಲು ಕುಡಿದ ಶೆಲ್ಲು ಇನ್ನೂ ನಾಲ್ಕು ದಿನ ಬರುತ್ತಿತ್ತು. "ಒಳಗೇ ಬುಟ್ರೆ ರಸ ಸೋರಿ ಸೆಟ್ಟೇ ಸತ್ತೋಯ್ತದೆ ಕಣ್ಲಾ" ಎನ್ನುತ್ತಿದ್ದರು. ಒಂದು ದಿನವೂ ಮರೆತವರಲ್ಲ.

ಅಮ್ಮನ ಹೊಟ್ಟೆಯಲ್ಲಿ ಗೆಡ್ಡೆ ಬೆಳೆದು ಅವಳು ಮಂಚ ಹಿಡಿದಾಗ ಒಂದು ಸೆಟ್ಟು ಅವಳ ತಲೆದಿಂಬಿನ ಪಕ್ಕಕ್ಕೆ ಬಂತು. ಅಪ್ಪ ಕನ್ನಡದ ಸ್ಟೇಷನ್ ಹುಡುಕಿದರೆ ಅವಳು ತಡೆದಳು. "ಅರ್ಥ ಆಗ್ದಿರೋದೇ ಹಾಕಿ. ಅರ್ಥ ಆಗೋದನ್ನ ನೋಡೋಕ್ ಬಂದೋರೆಲ್ಲ ಹೇಳೋಗ್ತಾರೆ." ಅವಳು ಹೋದ ಮಧ್ಯಾಹ್ನ, ಹೆಂಗಸರು ಎದೆ ಬಡಿದುಕೊಳ್ಳುತ್ತಿರುವಾಗ, ಅಪ್ಪ ರೇಡಿಯೋಗೆ ಕಿವಿಗೊಟ್ಟು ಕೂತಿದ್ದರು. ಇದು ನನ್ನ ನೆನಪು. ಹೆಂಡತಿಯ ಹೆಣದ ಪಕ್ಕ ರೇಡಿಯೋ ಕೇಳಿದ ಮನುಷ್ಯನೊಂದಿಗೆ ನಾನು ಕೊನೆಯವರೆಗೂ ಮನಸ್ಸು ಬಿಚ್ಚಿ ಮಾತಾಡಲಿಲ್ಲ. ಅವರೂ ಹೋದರು, ಗುಬ್ಬಿಯ ಮನೆಯೂ ಹೋಯಿತು, ಸೆಟ್ಟುಗಳು ಮತ್ತೆ ಗುಜರಿ ಸೇರಿದವು. ಈಗ ತುಮಕೂರಿನ ನನ್ನ ಮನೆಯ ಕಪಾಟಿನ ತುಂಬ ಅಂಥವೇ ರೇಡಿಯೋಗಳು. ಯಾಕೆ ಕೊಳ್ಳುತ್ತೇನೆಂದು ಕೇಳಿದವರಿಗೆ ಇದುವರೆಗೂ ನಿಜ ಹೇಳಿಲ್ಲ.

ಮೊನ್ನೆ ಕುಣಿಗಲ್ಲಿನ ಅಕ್ಕನ ಮನೆಗೆ ಹೋದಾಗ ಮಾತ್ರ, ಅಪ್ಪ ಅವತ್ತು ರೇಡಿಯೋ ಕೇಳುತ್ತ ಕೂತಿದ್ದನ್ನು ಅವಳಿಗೆ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಅಪ್ಪ ಎಲ್ ಕೇಳ್ತಾ ಕೂತಿದ್ರೋ! 'ನಾನೋದ್ರೂ ಇದನ್ನ ಆರಿಸ್ಬ್ಯಾಡಿ' ಅಂದಿದ್ಳು ಅಮ್ಮ. ಸಾವಿನ್ ಮನೇಲಿ ಏನಯ್ಯಾ ಇದು ಅಂತ ದೊಡ್ಡೋರೆಲ್ಲ ಬೈದ್ರು. ಆರಿಸೋಕೆ ಅಪ್ಪಂಗೆ ಕೈ ಬರ್ಲಿಲ್ಲ. ಅದು ಮಾತಾಡ್ತಿದ್ದಂಗೇ ಅವಳ ಸೀರೇಲಿ ಸುತ್ತಿ ಅಟ್ಟಕ್ಕೆ ಹಾಕುದ್ರು."

"ನನ್ನ ಸಮಾಧಾನಕ್ಕೆ ಕಟ್ತಿದೀಯ."

"ಎಲ್ಲಾನೂ ಪರೀಕ್ಷೆ ಮಾಡೋ ಪಂಡಿತ ಅಲ್ವೇನೋ ನೀನು? ಮನೆ ಖಾಲಿ ಮಾಡ್ದಾಗ ಆ ಗಂಟನ್ನ ನಾನೇ ತಂದಿದೀನಿ. ಒಳಗೈತೆ, ಬಿಚ್ಚು."

ಗಂಟು ಬಿಚ್ಚುವಾಗ ಸೀರೆ ಮಡಿಕೆಮಡಿಕೆಗೂ ಹರಿಯಿತು. ಅಮ್ಮ ಆ ಮಾತು ಹೇಳಿದ್ದಳೋ ಇಲ್ಲವೋ, ಅಪ್ಪನನ್ನು ಕೇಳಬಹುದಾಗಿದ್ದ ಕಾಲ ಮುಗಿದಿದೆ. ನಾನು ನೋಡಿ ಖಚಿತಪಡಿಸಿಕೊಂಡದ್ದು ಇಷ್ಟು: ಶೆಲ್ಲುಗಳು ಒಳಗೇ ಇದ್ದವು, ಸೋರಿ ತಗಡಿಗೆಲ್ಲ ಹಸಿರು ಕಿಲುಬು ಹತ್ತಿತ್ತು, ಸ್ವಿಚ್ಚು ಆನ್ ಆಗಿಯೇ ಇತ್ತು.