ಬಿದ್ದ ದುಡ್ಡು ನಗೋದಕ್ಕೆ

ಬೆಳಗಿನ ನಾಲ್ಕು ಗಂಟೆ. ಬಸ್ ಡಿಪೋದ ತಗಡಿನ ಸೂರಿನಡಿ ಸಾಲಾಗಿ ನಿಂತ ಬಸ್ಸುಗಳು ಇನ್ನೂ ತಣ್ಣಗಿವೆ. ಗುಡಿಸುವ ಹೆಂಗಸರು ಏಳು ಮಂದಿ. ಆರು ಮಂದಿ ಮುಂಬಾಗಿಲಿಂದ ಹತ್ತಿ ಮೊದಲ ಸೀಟಿನಿಂದಲೇ ಕೆಲಸ ಹಿಡಿಯುತ್ತಾರೆ. ಏಳನೆಯವಳು ಮಾತ್ರ ಪೊರಕೆಯನ್ನು ಕಂಕುಳಲ್ಲಿ ಅವಚಿಕೊಂಡು, ಸಣ್ಣ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ನೇರ ಹಿಂದಕ್ಕೆ ನಡೆಯುತ್ತಾಳೆ. ಕೊನೆಯ ಉದ್ದ ಸೀಟಿನ ಮುಂದೆ ಮಂಡಿಯೂರಿ, ಅದರಡಿಗೆ ಭುಜದವರೆಗೂ ಕೈ ತೂರಿಸುತ್ತಾಳೆ. ಕಡಲೆಕಾಯಿ ಸಿಪ್ಪೆ, ಒದ್ದೆ ಟಿಕೆಟ್ಟು, ಯಾವುದೋ ಮಗುವಿನ ಒಂಟಿ ಕಾಲುಚೀಲ, ಆಮೇಲೆ ಒಂದು ನಾಣ್ಯ. ಒರೆಸಿ ಸೊಂಟದ ಚೀಲಕ್ಕೆ ಹಾಕಿಕೊಳ್ಳುತ್ತಾಳೆ.

ಡಿಪೋದವರೆಲ್ಲ ಇವಳನ್ನು ಕೊನೇ ಸೀಟಿನಕ್ಕ ಅಂತಲೇ ಕರೆಯುವುದು. ಹಾಜರಿ ಪುಸ್ತಕದಲ್ಲಿರುವ ಹೆಸರು ಹಿಡಿದು ಕೂಗಿದರೆ ಒಂದು ಗಳಿಗೆ ಅವಳೇ ತಿರುಗಿ ನೋಡುವುದಿಲ್ಲವಂತೆ.

"ಡಿಪೋ ಇರೋದು ಏರಿನ ತುದೀಲಿ," ಅನ್ನುತ್ತಾಳೆ ಅಕ್ಕ, ಟಾರ್ಚನ್ನು ಬಾಯಿಂದ ತೆಗೆದು. "ಬಸ್ಸು ಏರು ಹತ್ತೋವಾಗ ಬಿದ್ದಿದ್ದೆಲ್ಲ ಹಿಂದಕ್ಕೆ ಉರುಳತ್ತೆ. ಇಷ್ಟು ಕಂಡುಕೊಳ್ಳೋಕೆ ನಂಗೆ ಮೂರು ವರ್ಷ ಬೇಕಾಯ್ತು. ಇವರಿಗೂ ಹೇಳಿಕೊಟ್ಟೆ. ಹಿಂದುಗಡೆ ವಾಂತಿ ಜಾಸ್ತಿ ಅಂತ ಮೂಗು ಮುರೀತಾರೆ. ಇರತ್ತೆ. ವಾಂತಿ ಜತೆ ನಾಣ್ಯಾನೂ ಇರತ್ತೆ."

ಅಕ್ಕನ ಪಾಲಿಗೆ ದಿನಕ್ಕೆ ಒಂಬತ್ತು ಬಸ್ಸು. ಒಂದೊಂದರಲ್ಲಿ ನಲವತ್ತೆರಡು ಸೀಟು. ಏಳು ಗಂಟೆಯೊಳಗೆ ಮುನ್ನೂರ ಎಪ್ಪತ್ತೆಂಟು ಸೀಟು ಒರೆಸಿ, ನೆಲ ಗುಡಿಸಿ, ಕಿಟಕಿಯ ಗಾಜುಗಳನ್ನು ಹಳೇ ಪೇಪರಿನಿಂದ ತಿಕ್ಕಿರಬೇಕು. ಸೀಟಿನಡಿ ಅಂಟಿಸಿದ ಚೂಯಿಂಗ್ ಗಮ್ಮನ್ನು ಮೊಂಡು ಚಾಕುವಿನಿಂದ ಕೆರೆಯಬೇಕು. ಮೊದಲ ಬಸ್ಸು ಹೊರಡುವುದು ಐದೂಕಾಲಿಗೆ. ಅದರಲ್ಲಿ ಹತ್ತುವವರು ಸೀಟು ಚೊಕ್ಕಟವಾಗಿರುವುದನ್ನು ಗಮನಿಸುವುದಿಲ್ಲ. ಚೊಕ್ಕಟವಾಗಿಲ್ಲದ ದಿನ ಗಮನಿಸುತ್ತಾರೆ, ದೂರು ಬರೆಯುತ್ತಾರೆ. ಹದಿನಾಲ್ಕು ವರ್ಷದಲ್ಲಿ ಅಕ್ಕನ ಮೇಲೆ ಬಂದ ದೂರು ಮೂರು, ಮೆಚ್ಚುಗೆ ಸೊನ್ನೆ.

ಬಸ್ಸಿಗೆ ಮರದ ಸೀಟಿದ್ದ ಕಾಲದಿಂದಲೂ ಡಿಪೋದಲ್ಲಿ ಒಂದು ಕಟ್ಟಳೆ ನಡೆದುಬಂದಿದೆ. ಯಾರೂ ಬರೆದಿಟ್ಟದ್ದಲ್ಲ. ನೋಟು, ಪರ್ಸು, ಫೋನು, ಕೊಡೆ ಸಿಕ್ಕರೆ ಕಚೇರಿಯ ಕಿಟಕಿಗೆ ಒಪ್ಪಿಸಬೇಕು. ಚಿಲ್ಲರೆ ನಾಣ್ಯ ಸಿಕ್ಕರೆ ಅದು ಗುಡಿಸಿದವಳದು. ಅಕ್ಕ ಇವತ್ತಿನವರೆಗೆ ಒಪ್ಪಿಸಿದ ಪರ್ಸುಗಳು ನಲವತ್ತಕ್ಕೂ ಮೇಲೆ. ಒಮ್ಮೆ ಒಬ್ಬ ಮದುಮಗನ ಉಂಗುರವೂ ಸಿಕ್ಕಿತ್ತು. ಅವನು ಬಂದು ಇಸಿದುಕೊಂಡು, ತೂಕ ಸರಿಯಿದೆಯಾ ಅಂತ ಅಂಗೈಯಲ್ಲಿ ಕುಲುಕಿ ನೋಡಿಕೊಂಡು ಹೋದನಂತೆ. ಅದನ್ನು ಹೇಳುವಾಗ ಅವಳ ಪೊರಕೆ ಸ್ವಲ್ಪ ಜೋರಾಗಿ ಆಡುತ್ತದೆ.

ಆ ಚಿಲ್ಲರೆ ಮನೆಯಲ್ಲೊಂದು ಬಿಸ್ಕತ್ತಿನ ಡಬ್ಬಿಗೆ ಬೀಳುತ್ತದೆ. ಮನೆಯೆಂದರೆ ಒಂದೂವರೆ ಕೋಣೆ. ಒಂದರಲ್ಲಿ ಅಡುಗೆ, ಮಂಚ, ಮಗಳ ಓದು. ಉಳಿದ ಅರ್ಧದಲ್ಲಿ ಅತ್ತೆ. ಡಬ್ಬಿ ಇರುವುದು ಅತ್ತೆಯ ತಲೆದಿಂಬಿನ ಪಕ್ಕ. ಯಾರಾದರೂ ಮುಟ್ಟಿದರೆ ಸದ್ದಿಗೇ ಎಚ್ಚರಾಗುತ್ತದೆ ಮುದುಕಿಗೆ. "ನಂಗೆ ಕಿವಿ ಕೇಳಲ್ಲ ಅಂತಾರೆ. ಆ ಡಬ್ಬಿದು ಕೇಳತ್ತೆ," ಅಂತ ಅವಳೇ ನಗುತ್ತಾಳೆ.

ಈ ಮನೆಗೆ ಸಾಲ ಬಂದದ್ದು ಏಣಿಯಿಂದ. ಅಕ್ಕನ ಗಂಡ ಗೋಡೆಗೆ ಬಣ್ಣ ಬಳಿಯುವವನು. ನಾಲ್ಕು ವರ್ಷದ ಹಿಂದೆ ಮೂರನೇ ಮಹಡಿಯ ಎತ್ತರದಿಂದ ಬಿದ್ದ. ಬಲಭುಜ ಒಡೆಯಿತು, ಸೊಂಟ ಜರುಗಿತು. ಕೆಲಸ ಕೊಟ್ಟ ಗುತ್ತಿಗೆದಾರ ಆಸ್ಪತ್ರೆಯ ಕಡೆ ತಲೆಹಾಕಲಿಲ್ಲ. ಬಿದ್ದಾಗ ಚೆಲ್ಲಿದ ಎರಡು ಡಬ್ಬಿ ಬಣ್ಣದ ಬೆಲೆಯನ್ನು ಮಾತ್ರ ಬಾಕಿ ಕೂಲಿಯಲ್ಲಿ ಮುರಿದುಕೊಂಡ. ಚೆಲ್ಲಿದ್ದು ಬಣ್ಣ, ಒಡೆದದ್ದು ಮೂಳೆ. ಬೆಲೆ ಕಟ್ಟಿದ್ದು ಬಣ್ಣಕ್ಕೆ. ಆಸ್ಪತ್ರೆಯ ಬಿಲ್ಲು ಕಟ್ಟಲು ತೆಗೆದ ಸಾಲಕ್ಕೆ ನಲವತ್ತೆಂಟು ಕಂತು. ಅಸಲು ಇಪ್ಪತ್ತೊಂಬತ್ತನೇ ಕಂತಿಗೇ ತೀರಿತು ಅನ್ನುವುದು ಅಕ್ಕನ ಲೆಕ್ಕ. ಅಲ್ಲಿಂದಾಚೆಗೆ ಕಟ್ಟುತ್ತಿರುವುದು ಬರೀ ಬಡ್ಡಿಯ ಹೊಟ್ಟೆಗೆ.

ಸಂಬಳದಲ್ಲಿ ಅರ್ಧ ಕಂತಿಗೆ, ಕಾಲು ಭಾಗ ಬಾಡಿಗೆಗೆ. ಉಳಿದ ಕಾಲು ಭಾಗದಲ್ಲಿ ಅನ್ನ, ಅತ್ತೆಯ ಮಾತ್ರೆ, ಮಗಳ ಶಾಲೆ. ಗಂಡ ಈಗ ಕೂತಲ್ಲೇ ಎಡಗೈಯಲ್ಲಿ ಮನೆ ನಂಬರಿನ ಫಲಕ ಬರೆಯುತ್ತಾನೆ. ವಾರಕ್ಕೆ ನಾಲ್ಕೋ ಐದೋ ಸಿಕ್ಕರೆ ದೊಡ್ಡದು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ," ಅನ್ನುತ್ತಾಳೆ ಅಕ್ಕ. "ನಾವು ಮಂಡಿ ಮಡಚಿಕೊಂಡೇ ಮಲಗಿದೀವಿ. ಆದ್ರೂ ಹಾಸಿಗೇನೇ ಎಳೆಯೋಕೆ ಬರ್ತಾರಲ್ಲ, ಅವರಿಗೆ ಯಾವ ಗಾದೆ ಇದೆ?"

ಹಾಗೆ ಎಳೆಯಲು ಬಂದವನು ಕಂತು ವಸೂಲಿಯವನು. ಸಾಲದ ಎರಡನೇ ವರ್ಷ. ಡಿಪೋದಲ್ಲಿ ಸಂಬಳ ತಡವಾಗಿ, ಕಂತು ಎರಡೇ ಎರಡು ದಿನ ಹಿಂದೆ ಬಿದ್ದಿತ್ತು. ಅವನು ಬಂದ ಹೊತ್ತಿಗೆ ಮಗಳು ಹೊಸ್ತಿಲ ಮೇಲೆ ಕೂತು ಐಸ್‌ಕ್ರೀಮ್ ನೆಕ್ಕುತ್ತಿದ್ದಳು. ಆಗ ಅವಳಿಗೆ ಹತ್ತು ವರ್ಷ. ಬೀದಿಯ ಆ ತುದಿಗೂ ಕೇಳುವ ಹಾಗೆ ಅವನು ಕೇಳಿದ: "ಐಸ್‌ಕ್ರೀಮಿಗೆ ದುಡ್ಡಿದೆ, ಕಂತಿಗಿಲ್ವಾ?" ಎದುರುಮನೆಯ ಕಿಟಕಿ ತೆರೆಯಿತು. ಮಗಳು ತಿನ್ನುವುದನ್ನು ನಿಲ್ಲಿಸಿದಳು. ಅದು ಕರಗಿ ಮೊಣಕೈವರೆಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಆ ಐಸ್‌ಕ್ರೀಮ್ ಬಂದದ್ದು ಹದಿನೇಳು ಬಸ್ಸಿನ ಸೀಟುಗಳ ಅಡಿಯಿಂದ ಅಂತ ಅವನಿಗೆ ಹೇಳುವವರು ಯಾರು?

ಅವಮಾನಕ್ಕೆ ಅಕ್ಕ ಒಂದು ತಪ್ಪು ಮಾಡಿದಳು. ಅದು ತಪ್ಪು ಅಂತ ಅವಳೇ ಒಪ್ಪಿಕೊಳ್ಳುತ್ತಾಳೆ. ಡಬ್ಬಿಯ ಚಿಲ್ಲರೆಯನ್ನೂ ಕಂತಿಗೇ ಸುರಿಯತೊಡಗಿದಳು. ಐದು ತಿಂಗಳು ಮನೆಗೆ ಐಸ್‌ಕ್ರೀಮ್ ಬರಲಿಲ್ಲ, ಕೇಕು ಬರಲಿಲ್ಲ, ಯಾರೂ ಎಲ್ಲಿಗೂ ಹೋಗಲಿಲ್ಲ. ಸಾಲ ಬೇಗ ತೀರುವುದಿರಲಿ, ಮನೆಯಲ್ಲಿ ಮಾತೇ ತೀರಿಹೋಯಿತು. ಗಂಡ ಗೋಡೆ ನೋಡಿಕೊಂಡು ಉಣ್ಣುತ್ತಿದ್ದ. ಮಗಳು ಏನನ್ನೂ ಕೇಳುವುದನ್ನೇ ಬಿಟ್ಟಳು. ಆರನೇ ತಿಂಗಳು ಅವಳ ಹುಟ್ಟುಹಬ್ಬದ ದಿನ ಗಂಡ ಕುಂಟುತ್ತಾ ಒಂದು ಸೈಕಲ್ಲು ತಳ್ಳಿಕೊಂಡು ಬಂದ. ಹೊಚ್ಚ ಹೊಸದು. ಹನ್ನೆರಡು ಕಂತಿನ ಮೇಲೆ.

ಅತ್ತೆ ಅಂದಳಂತೆ, ಹನಿ ಉಳಿಸೋಕೆ ಹೋಗಿ ಕೊಡ ಒಡೆದಂಗಾಯ್ತು ಅಂತ. ಮಗನಿಗೋ ಸೊಸೆಗೋ ಯಾರಿಗೆ ಅಂದದ್ದು ಅನ್ನುವುದನ್ನು ಮಾತ್ರ ಮುದುಕಿ ಇವತ್ತಿಗೂ ಬಾಯಿಬಿಟ್ಟಿಲ್ಲ.

ಅವತ್ತೇ ಅಕ್ಕ ಮನೆಗೊಂದು ಕಟ್ಟಳೆ ಮಾಡಿದಳು. ದುಡಿದ ದುಡ್ಡು ಸಾಲಕ್ಕೆ, ಬಿದ್ದ ದುಡ್ಡು ನಗೋದಕ್ಕೆ. ಇದರದ್ದು ಅದಕ್ಕೆ ಸೇರಬಾರದು, ಅದರದ್ದು ಇದಕ್ಕೆ ಸೇರಬಾರದು. ತಿಂಗಳ ಕೊನೆಯ ಭಾನುವಾರ ಡಬ್ಬಿ ತೆರೆಯುತ್ತದೆ. ನಾಲ್ಕು ಜನ, ನಾಲ್ಕು ಸರದಿ. ಅತ್ತೆಯ ಸರದಿಗೆ ಕ್ರೀಮ್ ಕೇಕು, ಯಾಕೆಂದರೆ ಹಲ್ಲಿಲ್ಲದ ಬಾಯಿಗೂ ದಕ್ಕುವಂಥದ್ದು. ಗಂಡನ ಸರದಿಗೆ ಸಿನಿಮಾ. ದುಡ್ಡು ಎರಡೇ ಟಿಕೆಟ್ಟಿಗೆ ಸಾಕಾಗುವುದರಿಂದ ಅಪ್ಪ ಮಗಳು ನೋಡಿ ಬಂದು ಊಟದ ಹೊತ್ತಿಗೆ ಕಥೆ ಹೇಳುತ್ತಾರೆ. ನಡುನಡುವೆ ಅತ್ತೆ, ಅವಳ್ಯಾಕೆ ಅವನ ಹಿಂದೆ ಹೋದಳು, ಬುದ್ಧಿ ಬೇಡವಾ ಅಂತ ತಕರಾರು ತೆಗೆಯುತ್ತಾಳೆ. ಅಕ್ಕನ ಸರದಿ ಬಂದಾಗ ಮುಂದಿನ ಸಲ ನೋಡೋಣ ಅಂತ ಮಗಳಿಗೆ ಬಿಟ್ಟುಕೊಡುತ್ತಾಳೆ. ಹಾಗೆ ಬಿಟ್ಟುಕೊಟ್ಟದ್ದು ಆರು ಸರದಿ. "ಈ ಮನೆಯವರು ನಂಗೂ ಸಾಲಗಾರರೇ," ಅನ್ನುತ್ತಾಳೆ, "ಬಡ್ಡಿ ಮಾತ್ರ ಹಾಕಿಲ್ಲ."

ಬಸ್ಸಿನಲ್ಲಿ ಬಿಟ್ಟುಹೋದ ಪೇಪರುಗಳಲ್ಲಿ ಸಂಸಾರ ತೂಗಿಸುವ ಉಪಾಯಗಳು ಅಚ್ಚಾಗಿರುತ್ತವೆ. ಸಾಲ ಇದ್ದವರು ಮೊದಲು ಸಣ್ಣಪುಟ್ಟ ಆಸೆಗಳನ್ನು ಕೈಬಿಡಬೇಕು ಅಂತ ಒಂದರಲ್ಲಿತ್ತು. ಅಕ್ಕ ಅಕ್ಷರ ಕೂಡಿಸಿಕೊಂಡು ಪೂರ್ತಿ ಓದಿದಳು. "ಇದನ್ನ ಬರೆದೋರು ಐದು ತಿಂಗಳು ನಮ್ಮನೇಲಿ ಇದ್ದು ಹೋಗಲಿ," ಅಂದು ಅದನ್ನು ಒದ್ದೆ ಮಾಡಿ ಗಾಜು ತಿಕ್ಕಿದಳು. ಗಾಜೇನೋ ಲಕಲಕ ಅಂದಿತು.

ಎರಡು ತಿಂಗಳ ಹಿಂದೆ ಡಿಪೋಗೆ ಹೊಸ ಮೇಲ್ವಿಚಾರಕ ಬಂದ. ಬಂದ ವಾರಕ್ಕೇ ಗೋಡೆಗೊಂದು ನೋಟೀಸು. ಬಸ್ಸಿನೊಳಗೆ ಸಿಕ್ಕ ಪ್ರತಿಯೊಂದು ವಸ್ತುವನ್ನೂ, ನಾಣ್ಯ ಸಹಿತ, ಕಚೇರಿಗೆ ಒಪ್ಪಿಸತಕ್ಕದ್ದು. ತಪ್ಪಿದಲ್ಲಿ ಕಳವು ಎಂದು ಪರಿಗಣಿಸಲಾಗುವುದು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಲವತ್ತು ಪರ್ಸು ಒಪ್ಪಿಸಿದ ಕೈಗೆ ಕಳವು ಅನ್ನುವ ಮಾತು. ನಾಣ್ಯ ಹೋಗುವುದಕ್ಕಿಂತ ಆ ಮೂರಕ್ಷರ ಅಕ್ಕನಿಗೆ ಹೆಚ್ಚು ಚುಚ್ಚಿತು.

ಆ ತಿಂಗಳು ಮಗಳ ಸರದಿ. ಕೆರೆಯಲ್ಲಿ ದೋಣಿ ಹತ್ತಬೇಕು ಅಂತ ಅವಳು ಆಗಲೇ ಹೇಳಿಟ್ಟಿದ್ದಳು. ಸುದ್ದಿ ಕೇಳಿ ಗಂಡ ಮೆಲ್ಲಗೆ ಅಂದ, ಹೋಗಲಿ ಬಿಡು, ಬಣ್ಣದಂಗಡಿಯವನ ಹತ್ತಿರ ಒಂಚೂರು ಕೈಸಾಲ ಕೇಳ್ತೀನಿ ಅಂತ. ಡಬ್ಬಿ ಬರಿದಾದರೆ ಈ ಮನೆ ಯಾವ ದಾರಿ ಹಿಡಿಯುತ್ತದೆ ಅನ್ನುವುದನ್ನು ಅಕ್ಕ ಒಮ್ಮೆ ಕಂಡವಳು. ಹೊರಗೆ ನಿಂತಿದ್ದ ಸೈಕಲ್ಲನ್ನು ನೋಡಿದಳು. ಬೇಡ ಅಂದಳು, ಅಷ್ಟೇ.

ಮಾರನೇ ಬೆಳಿಗ್ಗೆ ನೋಟೀಸಿನ ಮುಂದೆ ನಿಂತು ಮತ್ತೆ ಓದಿದಳು. ಪ್ರತಿಯೊಂದು ವಸ್ತು ಅಂತ ಬರೆದಿದೆ ತಾನೇ? ಕಚೇರಿಗೆ ಒಪ್ಪಿಸಿದ ವಸ್ತುವಿಗೆ ಏನೇನು ಆಗಬೇಕು ಅನ್ನುವುದು ನಲವತ್ತು ಪರ್ಸು ಒಪ್ಪಿಸಿದವಳಿಗೆ ಗೊತ್ತು. ಬಸ್ಸಿನ ನಂಬರು, ಸೀಟು, ಹೊತ್ತು ಎಲ್ಲ ಪುಸ್ತಕಕ್ಕೆ ಏರಬೇಕು. ಸಿಕ್ಕವಳ ಸಹಿ ಬೀಳಬೇಕು. ವಸ್ತು ಬೇರೆ ಲಕೋಟೆಗೆ ಹೋಗಬೇಕು, ರಸೀದಿ ಕೈಗೆ ಬರಬೇಕು. ತೊಂಬತ್ತು ದಿನ ಯಾರೂ ಕೇಳಿಕೊಂಡು ಬರದಿದ್ದರೆ ಸಿಕ್ಕವಳಿಗೇ ವಾಪಸು.

ಅವತ್ತು ಏಳು ಗಂಟೆಗೆ ಅಕ್ಕ ಕಿಟಕಿಯ ಮುಂದೆ ನಿಂತಳು. ಹದಿಮೂರು ನಾಣ್ಯ, ಎರಡು ಗುಂಡಿ, ಒಂದು ಹೇರ್‌ಪಿನ್ನು. ಗುಮಾಸ್ತ ಎಲ್ಲ ಒಟ್ಟಿಗೆ ಬರೆದುಕೊಳ್ಳಲು ಹೋದ. ಬೇರೆ ಬೇರೆ ಬರೀರಿ, ಬೇರೆ ಬೇರೆ ಕಡೆ ಬಿದ್ದಿದ್ದು, ಕಳಕೊಂಡೋರೂ ಬೇರೆ ಬೇರೆ ಅಂದಳು. ಹದಿನಾರು ಸಾಲು, ಹದಿನಾರು ಲಕೋಟೆ, ಹದಿನಾರು ರಸೀದಿ. ಹಿಂದೆ ಉಳಿದ ಆರು ಹೆಂಗಸರು ಸಾಲಾಗಿ ನಿಂತಿದ್ದರು. ಮೊದಲ ದಿನ ಕಿಟಕಿ ಮುಚ್ಚಿದ್ದು ಹತ್ತೂವರೆಗೆ. ಮೂರನೇ ದಿನ ಲಕೋಟೆ ಮುಗಿದವು. ನಾಲ್ಕನೇ ದಿನ ಗುಮಾಸ್ತ, ಅಕ್ಕಾ ನನ್ನ ಬೆರಳು ನಿನಗೇನು ಮಾಡಿದ್ವು ಅಂತ ಗೋಗರೆದ. ಬೆರಳಿನದೇನೂ ತಪ್ಪಿಲ್ಲ, ಪಾಪ, ಅಂತ ಅಕ್ಕ ಮುಂದಿನ ನಾಣ್ಯ ಇಟ್ಟಳು.

ಐದನೇ ದಿನ ಮೇಲ್ವಿಚಾರಕನೇ ಇಳಿದುಬಂದ.

"ಏನಮ್ಮ ಇದು ತಮಾಷೆ?"

"ತಮಾಷೆ ಅಲ್ಲ ಸಾರ್. ಕಳವು ಅಂತ ಬರೆದೋರು ನೀವು. ರಸೀದಿ ಇಲ್ಲದೆ ನಾನು ಹೆಂಗೆ ಮನೆಗೆ ಹೋಗ್ಲಿ?"

ಅವನು ಬಂದ ದಾರಿಯಲ್ಲೇ ಮೇಲೆ ಹತ್ತಿಹೋದ. ಒಂಬತ್ತನೇ ದಿನ ಬೆಳಿಗ್ಗೆ ಗೋಡೆಯ ಮೇಲೆ ನೋಟೀಸು ಇರಲಿಲ್ಲ. ನಾಲ್ಕು ಮೂಲೆಯ ನಾಲ್ಕು ಗುಂಡುಪಿನ್ನು ಉಳಿದಿದ್ದವು. ತಪ್ಪಾಯಿತು ಅಂತ ಯಾರೂ ಹೇಳಲಿಲ್ಲ. ಪಿನ್ನುಗಳನ್ನು ಕಿತ್ತು ಅಕ್ಕ ಕಿಟಕಿಯಲ್ಲಿ ಕೊಟ್ಟಳು. ಇವನ್ನೂ ಬರೆಯಬೇಕಾ ಅಂತ ಗುಮಾಸ್ತ ಹೆದರಿ ಕೇಳಿದನಂತೆ. ಆ ಎಂಟು ದಿನದ ಚಿಲ್ಲರೆ ಇನ್ನೂ ಕಚೇರಿಯ ಕಪಾಟಿನಲ್ಲೇ ಇದೆ. "ತೊಂಬತ್ತು ದಿನ ಆಗಲಿ," ಅನ್ನುತ್ತಾಳೆ ಅಕ್ಕ, "ಒಂದೊಂದನ್ನೂ ಎಣಿಸಿ ಇಸ್ಕೊತೀನಿ. ಬಿಡಲ್ಲ." ರಸೀದಿಗಳ ಕಟ್ಟು ಅತ್ತೆಯ ದಿಂಬಿನಡಿ ಇದೆ.

ಆ ತಿಂಗಳು ಡಬ್ಬಿ ಅರೆಬರೆ ತುಂಬಿತ್ತು. ದೋಣಿಯವನು ಕಾಲು ಗಂಟೆಗಷ್ಟೇ ಕೊಟ್ಟ. ಅಪ್ಪ ಮಗಳು ಹತ್ತಿದರು. ಅಪ್ಪನ ಬಲಭುಜಕ್ಕೆ ಬಲವಿಲ್ಲ. ಒಂದೇ ಕಡೆ ಹುಟ್ಟು ಹಾಕಿದ್ದಕ್ಕೆ ದೋಣಿ ಎಲ್ಲೂ ಹೋಗದೆ ನಿಂತಲ್ಲೇ ಗಿರಗಿರ ಸುತ್ತಿತು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪನೂ ನಕ್ಕ. ದಡದಲ್ಲಿ ಸೊಸೆಯ ತೋಳು ಹಿಡಿದು ನಿಂತಿದ್ದ ಅತ್ತೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ, ನಾಲ್ಕು ದಿಕ್ಕೂ ತೋರಿಸ್ತಾ ಇದಾನೆ ಅಂದಳು. ಅಕ್ಕನ ಕಣ್ಣಲ್ಲಿ ನೀರು ಬಂದದ್ದು ನಕ್ಕದ್ದಕ್ಕೋ ಏನೋ.

ಈಗ ಏಳು ಗಂಟೆ ಹೊಡೆದಿದೆ. ಒಂಬತ್ತನೇ ಬಸ್ಸಿನ ಮೆಟ್ಟಿಲ ಮೇಲೆ ಕೂತು ಅಕ್ಕ ಪೊರಕೆಯ ಕಡ್ಡಿಗಳನ್ನು ಬಿಗಿದು ಕಟ್ಟುತ್ತಾಳೆ. ಕಟ್ಟಿದ ಕಂತು ನಲವತ್ತೊಂದು, ಉಳಿದದ್ದು ಏಳು. ಕೊನೇ ಕಂತು ಕಟ್ಟಿದ ತಿಂಗಳು ಡಬ್ಬಿ ತನ್ನದು, ಯಾರಿಗೂ ಬಿಟ್ಟುಕೊಡುವುದಿಲ್ಲ ಅಂತ ಮನೆಯಲ್ಲಿ ಹೇಳಿಯಾಗಿದೆ. ಏನು ಮಾಡುತ್ತಾಳಂತೆ? ಕೇಳಿದ್ದಕ್ಕೆ ಕತ್ತು ಹೊರಳಿಸಿ, ತಾನೇ ಒರೆಸಿದ ಸೀಟುಗಳ ಉದ್ದಕ್ಕೂ ನೋಡುತ್ತಾಳೆ.

"ಹದಿನಾಲ್ಕು ವರ್ಷ ಆಯ್ತು. ಇದು ಓಡ್ತಾ ಇರೋವಾಗ ನಾನು ಒಂದು ದಿನಾನೂ ಕೂತಿಲ್ಲ. ಡಿಪೋದಿಂದ ಮನೆಗೆ ನಡೆದೇ ಹೋಗೋದು. ನಾಲ್ಕು ಟಿಕೆಟ್ಟು ತಗೊಂಡು ಎಲ್ಲರೂ ಕೊನೇ ಸೀಟಲ್ಲಿ ಕೂತ್ಕೋತೀವಿ. ಕಿಟಕಿ ನಂದು. ಕೊನೇ ಸ್ಟಾಪಿನವರೆಗೂ ಹೋಗಿ ಬರೋದು." ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದು ನಿಲ್ಲುತ್ತಾಳೆ. "ಇಳಿಯೋವಾಗ ಒಂದೆರಡು ನಾಣ್ಯ ಬೀಳಿಸಿ ಬರ್ತೀನಿ. ಸಿಪ್ಪೆ ಮಾತ್ರ ಹಾಕಲ್ಲ."