ಹೆಚ್ಚಿದ ಮೀನುಗಳು

ರಾಯದುರ್ಗದಲ್ಲಿ ನಾಯಿಗೂ ಜೀನ್ಸ್ ಹೊಲಿಯುತ್ತಾರೆ ಎಂದರೆ ಮಡಕಶಿರಾದ ನನ್ನ ತವರಿನವರು ನಂಬುವುದಿಲ್ಲ. ನಾನೇ ಕೈಯಾರೆ ಮಾರಿದ್ದೇನೆ. ನಾನು ಕೆಲಸಕ್ಕಿದ್ದ ಸಾಕುಪ್ರಾಣಿಗಳ ಅಂಗಡಿಯ ಸಾವ್ಕಾರ್ರು ಮೊದಲು ಜೀನ್ಸ್ ಪ್ಯಾಂಟು ಹೊಲಿಸುತ್ತಿದ್ದವರು. ಕಟಿಂಗಿನಲ್ಲಿ ಮಿಕ್ಕ ತುಂಡುಗಳನ್ನು ಎಸೆಯಲು ಮನಸ್ಸು ಬಾರದೆ ನಾಯಿಮರಿಗಳಿಗೆ ಕೋಟು ಹೊಲಿಸಿ ನೇತುಹಾಕಿದ್ದರು. ಬೇಸಿಗೆಯ ಮಧ್ಯಾಹ್ನ, ರಸ್ತೆಯ ಟಾರು ಚಪ್ಪಲಿಗೆ ಅಂಟುವ ಹೊತ್ತಿನಲ್ಲಿ, ನಾನು ಬಂದ ಗಿರಾಕಿಗೆ ಕೋಟು ತೋರಿಸಿ "ಚಳಿಗೆ ಒಳ್ಳೇದು" ಎನ್ನಬೇಕು. ಯಾವ ಚಳಿ ಎಂದು ಒಬ್ಬರೂ ಕೇಳಲಿಲ್ಲ. ಅಷ್ಟು ಮರ್ಯಾದಸ್ಥ ಊರು.

ಸಾವ್ಕಾರ್ರು ಸುಳ್ಳುಗಾರರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಅಶುಭ ಮಾತು ಆಡಬಾರದು ಎಂಬುದು ಅವರ ನೇಮ, ಅಷ್ಟೇ. ಅವರ ಲೆಕ್ಕದಲ್ಲಿ ಅಶುಭದ ಮಾತುಗಳು ಎರಡು: ಒಂದು "ಸತ್ತಿತು", ಇನ್ನೊಂದು "ಬೇಡ". ಕೆಲಸಕ್ಕೆ ಸೇರಿದ ಹೊಸತರಲ್ಲಿ ಗಾಜಿನ ತೊಟ್ಟಿಯಲ್ಲಿ ಮೀನೊಂದು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ನಾನು ಗಿರಾಕಿಗಳ ಮುಂದೆಯೇ "ಸಾವ್ಕಾರ್ರೇ, ಮೀನು ಸತ್ತೋಗೈತೆ" ಎಂದು ಕೂಗಿದೆ. ಅವರು ಗಲ್ಲಾಪೆಟ್ಟಿಗೆ ಬಿಟ್ಟು ಓಡಿಬಂದರು.

"ಹಂಗನಬಾರ್ದಮ್ಮ. ಹೆಚ್ಚೈತಿ ಅನ್ನು."

ಮನೆಗಳಲ್ಲಿ ಇದು ಇದ್ದದ್ದೇ. ಬಳೆ ಒಡೆದರೆ ಹೆಚ್ಚಿತು ಅನ್ನುತ್ತೇವೆ, ದೀಪ ಆರಿಸು ಅನ್ನದೆ ದೊಡ್ಡದು ಮಾಡು ಅನ್ನುತ್ತೇವೆ. ಪಕ್ಕದ ತೆಲುಗರ ಮನೆಯಲ್ಲಿ ಅಕ್ಕಿ ಖಾಲಿಯಾದರೆ "ನಿಂಡುಕುನ್ನಾಯಿ", ತುಂಬಿಕೊಂಡಿವೆ, ಅನ್ನುತ್ತಾರೆ. ಚೆಂದದ ಮಾತುಗಳೇ. ಆದರೆ ನಮ್ಮ ಅಂಗಡಿಯಲ್ಲಿ ಹೆಚ್ಚಿದಷ್ಟು ಇನ್ನೆಲ್ಲೂ ಹೆಚ್ಚಿರಲಿಕ್ಕಿಲ್ಲ. ಮೀನು ಹೆಚ್ಚುತ್ತಿದ್ದವು, ಲವ್ ಬರ್ಡ್ಸ್ ಹೆಚ್ಚುತ್ತಿದ್ದವು, ಒಮ್ಮೆ ಬಿಳಿ ಮೊಲವೂ ಹೆಚ್ಚಿತು. ನಾನು ಎಲ್ಲವನ್ನೂ ಹಿತ್ತಲಲ್ಲಿ ಹೂತು ಬಂದು ಕೈತೊಳೆದು, ಕೋಟು ಮಾರಲು ನಿಲ್ಲುತ್ತಿದ್ದೆ.

ಹೀಗಿರುವಾಗ ಹೊಲಿಗೆಯ ಅಕ್ಕ ಒಬ್ಬರು ಬಂದರು. ಮನೆಯಲ್ಲೇ ಜೀನ್ಸಿಗೆ ಜೇಬು ಕೂರಿಸುವವರು. ಬಟ್ಟೆಯ ಬಣ್ಣ ಹತ್ತಿ ಅವರ ಬೆರಳುಗಳೆಲ್ಲ ನೀಲಿ. ಗಂಡ ಬಳ್ಳಾರಿಗೆ ಕಟಿಂಗ್ ಕೆಲಸಕ್ಕೆ ಹೋದರೆ ಭಾನುವಾರವೇ ಬರುವುದು.

"ನಾಯಿ ಬೊಗಳಿದ್ರ ಓಣಿಯವರು ಬೈತಾರ್ರಿ. ಹಕ್ಕಿ ಸಾಕಿದ್ರ ಹೊಟ್ಟು ಪ್ಯಾಂಟಿನ ಮ್ಯಾಲ ಬೀಳ್ತದ. ಮೀನಾದ್ರ ಸುಮ್ನಿರ್ತಾವಲ್ರೀ? ಮಷೀನಿನ ಸದ್ದು ಬಿಟ್ರ ಮನ್ಯಾಗ ಏನೂ ಇಲ್ಲ. ಉಸಿರಾಡೋ ಜೀವ ಒಂದಿರ್ಲಿ ಅಂತ ಬಂದೆ."

ಅವರ ಕೈ ಆಗಲೇ ಗಾಜಿನ ಗುಂಡು ಬಟ್ಟಲಿನ ಮೇಲಿತ್ತು. ಆ ಬಟ್ಟಲು ಗೋಲ್ಡ್ ಫಿಶ್ಶಿಗೆ ಏನೇನೂ ಸಾಲದು. "ಅಕ್ಕ, ಗುಂಡು ಬಟ್ಲು..." ಎಂದು ಶುರುಮಾಡಿದೆ.

"ಗುಂಡು ಬಟ್ಲು ಭಾಳ ಚಲೋ ಅಂತಾಳ್ರಿ!" ಎಂದು ಸಾವ್ಕಾರ್ರು ನನ್ನ ಮಾತನ್ನು ಪೂರ್ತಿ ಮಾಡಿಕೊಟ್ಟರು. "ಮೂರು ಜೋಡಿ ಒಯ್ರಿ. ಹೆಂಗ ಹೆಚ್ತಾವ ನೋಡ್ರಿ."

ಅದೇ ಹೊತ್ತಿಗೆ ತೊಟ್ಟಿಯಲ್ಲಿ ಒಂದು ತೇಲಿತು. "ಅದು ಹೆಚ್ಚೈತಿ, ತೆಗಿಯಮ್ಮ" ಎಂದರು. ಅಕ್ಕ ನನ್ನ ಮುಖ ನೋಡಿದರು. "ಬಳಿ ಒಡೆದ್ರ ನಾವೂ ಹಂಗ ಅಂತೀವಿ" ಎಂದು ಮೆಲ್ಲಗೆ ಹೇಳಿ, ಆರು ಮೀನಿನ ಬಟ್ಟಲನ್ನು ಸೆರಗಿನಿಂದ ಬಿಸಿಲಿಗೆ ಮರೆಮಾಡಿಕೊಂಡು ಹೊರಟರು. ನೀರಿನ ವಿಷಯವಾದರೂ ಹೇಳೋಣವೆಂದು ಹಿಂದೆಯೇ ಓಡಿದರೆ, ಒಳಗಿನಿಂದ ಕೂಗು ಬಂತು: ಯಾರೋ ನಾಯಿಮರಿಗೆ ಕೋಟು ಕೇಳುತ್ತಿದ್ದಾರಂತೆ.

ಮುಂದಿನ ವಾರ ಆ ಅಕ್ಕನ ಫೋನು. ಸಾವ್ಕಾರ್ರು ಸ್ಪೀಕರಿಗೆ ಹಾಕಿದ್ದರು.

"ನಿಮ್ಮ ಮೀನು ಹೆಚ್ಯಾವ್ರಿ" ಎಂದಿತು ಸಣ್ಣ ದನಿ.

"ನಾ ಹೇಳಿದ್ನಲ್ರೀ!" ಸಾವ್ಕಾರ್ರು ಕುರ್ಚಿಯಿಂದ ಎದ್ದೇಬಿಟ್ಟರು. "ಚಿಂತಿ ಬಿಡ್ರಿ, ಈಗಲೇ ದೊಡ್ಡ ಟ್ಯಾಂಕ್ ಕಳಸ್ತೀನಿ."

ದಿನಾ ತಾವೇ ಆಡುವ ಮಾತು ಅವರಿಗೆ ಅರ್ಥವಾಗಲಿಲ್ಲ. ಮಾರಿದ ಮೇಲೂ ಮೀನು ಸಾಯಬಹುದು ಎಂಬುದು ಅವರ ತಲೆಯಲ್ಲಿ ಇದ್ದರೆ ತಾನೇ? "ಸಾವ್ಕಾರ್ರೇ, ಅವ್ರು ಹೇಳಿದ್ದು ಸತ್ತೋದ್ವು ಅಂತ" ಎಂದೆ.

"ಅಶುಭ ಮಾತಾಡ್ಬ್ಯಾಡ. ಟ್ಯಾಂಕ್ ಕೊಟ್ಟು ರೊಕ್ಕ ಇಸ್ಕೊಂಡು ಬಾ."

ಗಿರಾಕಿಗೆ ಎಂದೂ ಹೇಳದ "ಬ್ಯಾಡ" ನನಗೆ ಮಾತ್ರ ಧಾರಾಳವಾಗಿ ಸಿಕ್ಕಿತು.

ಆಟೋದಲ್ಲಿ ಟ್ಯಾಂಕನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಅಕ್ಕನ ಮಷೀನು ನಿಂತಿತ್ತು. ಬಟ್ಟಲಿನಲ್ಲಿ ಒಂದೇ ಮೀನು, ನೀರಿನ ಮೇಲಕ್ಕೆ ಬಾಯಿ ತಂದು ಗುಟುಕು ಗುಟುಕಾಗಿ ಗಾಳಿ ಎಳೆಯುತ್ತಿತ್ತು. ಉಳಿದವನ್ನು ತುಳಸಿ ಕುಂಡದ ಬುಡದಲ್ಲಿ ಹೂತಿದ್ದರು.

"ದಿನಾ ನಳದ ನೀರು ಹಿಡಿದ ಕೂಡ್ಲೇ ಹಾಕಿ ಬದಲಿಸಿದೆ. ಹೊಟ್ಟಿ ತುಂಬ ತಿನ್ನಾಕ ಹಾಕಿದೆ. ನನ್ನ ಕೈ ನೀಲಿ ಅದಾವಲ್ರಿ, ಆ ಬಣ್ಣಕ್ಕೇ ಹೋದ್ವೇನು?" ಎಂದು ಎರಡೂ ಕೈ ಮುಂದೆ ಚಾಚಿದರು. "ಇದೊಂದು ಉಳಿದ್ರ ನೇಮಕಲ್ಲಿನ ಗುಡಿಗೆ ಹೋಗಿ ಕಾಯಿ ಒಡಿಸ್ತೀನ್ರಿ."

ಆ ಕೈಗಳನ್ನು ನೋಡಿ ನನಗೆ ಸಾವ್ಕಾರ್ರ ಮೇಲೆ ಕೆಟ್ಟ ಸಿಟ್ಟು ಬಂತು.

"ನಿಮ್ ಕೈದೇನೂ ತಪ್ಪಿಲ್ಲ ಕಣಕ್ಕ. ಆರು ಮೀನಿಗೆ ಆ ಬಟ್ಲು ಯಾವ ಮೂಲೆಗೆ? ನಳದ ನೀರ್ನಾಗೆ ಬ್ಲೀಚಿಂಗ್ ಪೌಡ್ರು ಇರ್ತೈತೆ, ಒಂದಿನ ಹಿಡಿದಿಕ್ಕಿ ಆಮ್ಯಾಲೆ ಹಾಕ್ಬೇಕು. ತಿನ್ನಾಕೆ ಒಂದ್ ಚಿಟಿಕೆ ಸಾಕು. ಹೊಸ ಮೀನು ಈಗ ಬೇಡ."

ಬೇಡ! ಎಷ್ಟು ದಿನದ ಮೇಲೆ ಬಾಯಿಗೆ ಬಂದ ಮಾತು. ಡ್ರಮ್ಮಿನಲ್ಲಿ ನಿನ್ನೆಯ ನೀರಿತ್ತು. ಇಬ್ಬರೂ ಸೇರಿ ಟ್ಯಾಂಕು ತುಂಬಿ ಮೀನನ್ನು ಮೆಲ್ಲಗೆ ಬಿಟ್ಟೆವು. ಅದು ತಳಕ್ಕೆ ಹೋಗಿ ಒಂದು ಮೂಲೆ ಹಿಡಿಯಿತು.

"ನಿಮ್ಮ ಸಾವ್ಕಾರ್ರು ಧರ್ಮಾತ್ಮರ್ರಿ" ಎಂದರು ಅಕ್ಕ, ಕಣ್ಣೊರೆಸಿಕೊಂಡು. "ಹೋದಾವಂದ ಕೂಡ್ಲೇ ಪುಕ್ಕಟೆ ಟ್ಯಾಂಕ್ ಕಳಿಸಿದ್ರು."

ಧರ್ಮಾತ್ಮರ ರೊಕ್ಕ ಕೇಳಲು ನನ್ನ ಬಾಯಿ ಏಳಲಿಲ್ಲ. ಬರಿಗೈಯಲ್ಲಿ ಬಂದವಳನ್ನು ಕಂಡು ಸಾವ್ಕಾರ್ರು "ಟ್ಯಾಂಕಿನ ರೊಕ್ಕ?" ಎಂದರು.

"ಟ್ಯಾಂಕು ದಾರೀಲಿ ಹೆಚ್ಚೋಯ್ತು ಸಾವ್ಕಾರ್ರೇ."

ಅವರ ಮುಖ ಕೆಂಪಗಾಯಿತು. ಆದರೆ ಇಷ್ಟು ಶುಭದ ಮಾತಿಗೆ ಬೈಯುವುದು ಹೇಗೆ?

ಸತ್ಯ ಹೊರಗೆ ತಂದವರು ಆ ಅಕ್ಕನೇ, ಅದೂ ಕೃತಜ್ಞತೆಯಿಂದ. ನೇಮಕಲ್ಲಿನ ಪ್ರಸಾದ ಹಿಡಿದು, ಅಂಗಡಿ ತುಂಬ ಜನ ಇರುವಾಗಲೇ ಬಂದರು. "ಬದುಕೈತ್ರಿ ಸಾವ್ಕಾರ್ರ! ನೀವು ಧರ್ಮಕ್ಕ ಕೊಟ್ಟ ಟ್ಯಾಂಕಿನ್ಯಾಗ ಹೆಂಗ ಓಡಾಡ್ತದ ಅಂತೀರಿ. ನಾ ಹೊಲಿಯಾಕ ಕುಂತ್ರ ಗಾಜಿನ ಹತ್ರ ಬರ್ತದ." ಸಾವ್ಕಾರ್ರು ನನ್ನತ್ತ ಒಮ್ಮೆ ನೋಡಿದರು. ಎಲ್ಲರೆದುರು ಎದೆಯ ಮೇಲೆ ಕೈಯಿಟ್ಟು "ಎಲ್ಲಾ ದೇವರ ದಯಾ ರೀ" ಎಂದು ಪ್ರಸಾದ ಕಣ್ಣಿಗೊತ್ತಿಕೊಂಡರು. ಅಕ್ಕನನ್ನು "ಹೋಗಿ ಬರ್ರಿ" ಎಂದು ಬಾಗಿಲತನಕ ಬಂದು ಕಳಿಸಿದರು.

ಆಮೇಲೆ ನನ್ನ ಕಡೆ ತಿರುಗಿದರು.

"ನಿನ್ನ ಕೆಲಸ ಇವತ್ತಿಗೆ ಹೆಚ್ಚಿತಮ್ಮ."

ನಾನು ಚೀಲ ತಗೊಂಡು ರೂಢಿಯಂತೆ "ಬರ್ತೀನಿ ಸಾವ್ಕಾರ್ರೇ" ಎಂದೆ. ಕೋಟು ಕೊಳ್ಳದೆ ಹೋದ ಗಿರಾಕಿಗೂ "ಹೋಗಿ ಬರ್ರಿ" ಎನ್ನುತ್ತಿದ್ದ ಮನುಷ್ಯ, ಅಷ್ಟು ದಿನದಲ್ಲಿ ಮೊದಲ ಬಾರಿ, ಬರೀ "ಹೋಗು" ಎಂದರು.